ಹರದೇಶಿ–ನಾಗೇಶಿ: ಕೂಡುವ ಮುನ್ನ ಒಂದಿಷ್ಟು

ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ ಮುಗಿಯಿತೆಂದರೆ ಸುತ್ತಲಿನ ಹಳ್ಳಿಗಳ ಸರದಿ. ತಿಕೋಟಾ, ಬಬಲೇಶ್ವರ ಕಡೆಯ ಚಹಾದಂಗಡಿಗಳ ಮುಂದೆ ಬ್ಯಾನರುಗಳು ಏಳುತ್ತವೆ. ಮೇಲೆ ದೇವರ ಚಿತ್ರ, ಕೆಳಗೆ ಜಾತ್ರಾ ಕಮಿಟಿಯವರ ಮುಖಗಳ ಸಾಲು, ನಡುವೆ ಹಾಡಕಿಗೆ, ಅಂದರೆ ರಾತ್ರಿಯಿಡೀ ನಡೆಯುವ ಹಾಡಿನ ವಾದಕ್ಕೆ, ಬರುವ ಎರಡು ಮೇಳಗಳ ಹೆಸರು. ಒಂದರ ಪಕ್ಕ ಹರದೇಶಿ, ಇನ್ನೊಂದರ ಪಕ್ಕ ನಾಗೇಶಿ. ರಾತ್ರಿ ಹತ್ತಕ್ಕೆ ಎಂದು ಬರೆದಿರುತ್ತದೆ. ಹನ್ನೊಂದರೊಳಗೆ ಶುರುವಾದರೆ ಪುಣ್ಯ. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಮಾಸ್ತರು, ಬ್ಯಾಂಕಿನವರು ಕುತೂಹಲಕ್ಕೆ ಹೋಗಿ ಕೂತು, ಅರ್ಧ ತಾಸಿಗೆ ಎದ್ದು ಬರುವುದುಂಟು. ಒಂದೇ ಧಾಟಿ, ಒಂದೇ ಜಗಳ ಅನ್ನುತ್ತಾರೆ. ಈ ಬರಹ ಅವರಿಗೆ.

ಜಗಳ ಒಂದೇ ಎಂಬುದು ನಿಜ. ಗಂಡು ಹೆಚ್ಚೋ, ಹೆಣ್ಣು ಹೆಚ್ಚೋ. ಹರದೇಶಿಯವರದು ಶಿವನ ಪಕ್ಷ, ನಾಗೇಶಿಯವರದು ಶಕ್ತಿಯ ಪಕ್ಷ. ಲಾವಣಿ ಹಾಡುವವರಲ್ಲಿ ತುರಾಯಿ, ಕಲ್ಗಿ ಎನ್ನುವುದೂ ಇದೇ ಜೋಡಿಗೆ. ಮಹಾರಾಷ್ಟ್ರದ ಶಾಹೀರರಲ್ಲಿ, ರಾಜಸ್ಥಾನದ ಚಿತ್ತೋಡಗಢ ಕಡೆಯ ಆಟದಲ್ಲಿ ಕೂಡ ಈ ಎರಡು ಬಣಗಳಿವೆ. ತುಕನಗೀರ ಎಂಬ ಸಾಧುವೂ ಶಾಹ ಅಲಿ ಎಂಬ ಫಕೀರನೂ ಚಂದೇರಿಯ ಅರಸನೆದುರು ವಾದಕ್ಕೆ ನಿಂತು, ಒಬ್ಬನು ತುರಾಯಿಯನ್ನೂ ಇನ್ನೊಬ್ಬನು ಕಲ್ಗಿಯನ್ನೂ ಬಹುಮಾನ ಪಡೆದರೆಂದು ಆ ಕಡೆ ಕತೆ ಹೇಳುತ್ತಾರೆ. ನಮ್ಮಲ್ಲಿ ಈಗ ಹರದೇಶಿಯ ಮುಂದಾಳುಗಳು ಗಂಡಸರು. ನಾಗೇಶಿಯ ಮುಂದೆ ಹೆಚ್ಚಾಗಿ ಹೆಣ್ಣುಮಕ್ಕಳು ನಿಲ್ಲುತ್ತಾರೆ. ಹೀಗಾಗಿ ಪುರಾಣದ ವಾದಕ್ಕೆ ಮನೆಯೊಳಗಿನ ವಾದದ ಖಾರವೂ ಸೇರಿಕೊಳ್ಳುತ್ತದೆ.

ವೇದಿಕೆಯ ಮೇಲೆ ಸಾಮಾನು ಹೆಚ್ಚೇನಿಲ್ಲ. ಮುಂದಿನವರ ಕೈಯಲ್ಲಿ ದಪ್ಪು, ಹಿಂದಿನವರಲ್ಲಿ ಒಬ್ಬರಿಗೆ ಒಂದೇ ತಂತಿಯ ತುಂತುಣಿ, ಇನ್ನೊಬ್ಬರಿಗೆ ತಾಳ. ಚಳಿಗೆ ಇಬ್ಬನಿ ಬಿದ್ದರೆ ದಪ್ಪಿನ ತೊಗಲು ಸಡಿಲಾಗಿ ದನಿ ಮಂಕಾಗುತ್ತದೆ. ಎದುರಿನ ಮೇಳ ಹಾಡುತ್ತಿರುವಾಗ ಈ ಮೇಳದವರೊಬ್ಬರು ಮರೆಯಲ್ಲಿ ಬೆಂಕಿಗೆ ದಪ್ಪು ಹಿಡಿದು, ತಿರುಗಿಸಿ ತಿರುಗಿಸಿ ಕಾಯಿಸಿ, ಬೆರಳ ತುದಿಯಿಂದ ತಟ್ಟಿ, ಕಿವಿಗೆ ಹತ್ತಿರ ತಂದು ನೋಡುತ್ತಿರುತ್ತಾರೆ. ಕೈ ದಪ್ಪಿನ ಮೇಲಿದ್ದರೂ ಕಿವಿ ಮಾತ್ರ ಎದುರಿನವರ ಪದದ ಮೇಲಿರುತ್ತದೆ. ಹಾಡಕಿಯಲ್ಲಿ ಪಳಗಿದವರು ಯಾರೆಂದು ಅಲ್ಲೇ ಅರ್ಧ ಗೊತ್ತಾಗುತ್ತದೆ.

ಶುರುವಿಗೆ ಸ್ತುತಿ. ಗಣಪತಿ, ಶಾರದೆ, ಗುರು, ಊರ ದೇವರು. ಇದನ್ನು ಬಿಟ್ಟು ತಡವಾಗಿ ಹೋದರಾಯಿತೆಂದು ಎಣಿಸಬೇಡಿ. ಆ ರಾತ್ರಿ ಯಾರ ಗಂಟಲು ಹೇಗಿದೆ, ಹಿಮ್ಮೇಳ ಎಷ್ಟು ಹೊಂದಿಕೊಂಡಿದೆ ಎಂಬುದು ಇಲ್ಲೇ ತಿಳಿಯುವುದು.

ಆಮೇಲೆ ಪದ. ಪಲ್ಲವಿಯಲ್ಲಿ ವಿಷಯ ಎತ್ತುತ್ತಾರೆ, ನುಡಿಯಲ್ಲಿ ಕತೆ ಬಿಚ್ಚುತ್ತಾರೆ, ಚಾಲಿನಲ್ಲಿ ನಡಿಗೆ ಬದಲಾಗುತ್ತದೆ. ಏರಿನಲ್ಲಿ ದನಿ ಮೇಲೆ ಹೋಗುತ್ತದೆ, ಇಳುವಿನಲ್ಲಿ ಕೆಳಗೆ ಬರುತ್ತದೆ, ಕೂಡುಪಲ್ಲವಿ ಮತ್ತೆ ಪಲ್ಲವಿಗೆ ತಂದು ಮುಟ್ಟಿಸುತ್ತದೆ. ಹೊಸಬರು ಏರಿಗೆ ಚಪ್ಪಾಳೆ ತಟ್ಟುತ್ತಾರೆ. ತಪ್ಪಲ್ಲ, ಆದರೆ ಏಟು ಇರುವುದು ಇಳುವಿನಲ್ಲಿ. ಸವಾಲಿನ ಮಾತನ್ನು ಹಾಡುಗಾರರು ತಗ್ಗಿಸಿದ ದನಿಯಲ್ಲಿ, ಎದುರಿನವರ ಕಡೆ ನೋಡದೆಯೇ ಬಿಟ್ಟುಬಿಡುತ್ತಾರೆ. ಕೂಡಲೇ ಹಿಮ್ಮೇಳ ಗೀಗೀ ಎಂದು ಎತ್ತಿಕೊಳ್ಳುವುದರಿಂದ ಎಷ್ಟೋ ಸಲ ಅದು ಕೇಳಿಸಿಯೂ ಕೇಳಿಸದಂತಾಗುತ್ತದೆ. ಅದು ಕಿವಿಗೆ ಬಿದ್ದವರು ಮಾತ್ರ ಮುಂದಿನ ಪದಕ್ಕೆ ಕಾಯುತ್ತಾರೆ.

ಸವಾಲು–ಜವಾಬು ಹೇಗಿರುತ್ತದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕತೆಯಿಂದಲೇ ನೋಡೋಣ. ಹರದೇಶಿಯವರು ಪರಶುರಾಮನನ್ನು ತರುತ್ತಾರೆ. ಜಮದಗ್ನಿ ಹೇಳಿದ, ಮಗ ತಾಯಿಯ ತಲೆ ಕಡಿದ. ತಂದೆಯ ಮಾತು ದೊಡ್ಡದೋ ತಾಯಿಯ ಜೀವ ದೊಡ್ಡದೋ? ಸಾಧಾರಣ ನಾಗೇಶಿ ಮೇಳವಾದರೆ ಬೇರೆ ಕತೆಗೆ ಹಾರುತ್ತದೆ: ಸಾವಿತ್ರಿ ಯಮನಿಂದ ಗಂಡನನ್ನು ಬಿಡಿಸಿ ತರಲಿಲ್ಲವೇ, ಅನಸೂಯೆ ತ್ರಿಮೂರ್ತಿಗಳನ್ನೇ ತೊಟ್ಟಿಲಿಗೆ ಹಾಕಲಿಲ್ಲವೇ? ಜವಾಬೇನೋ ಸರಿಯೇ. ಆದರೆ ಅಷ್ಟು ದೂರ ಹೋದದ್ದೇ ಒಂದು ಸೋಲು. ಗಟ್ಟಿ ಮೇಳ ಪರಶುರಾಮನ ಕತೆಯಿಂದ ಕದಲುವುದೇ ಇಲ್ಲ. ತಲೆ ಕಡಿದ ಮಗ ವರ ಬೇಡುವಾಗ ಬೇಡಿದ್ದೇನು? ತಾಯಿ ಬದುಕಲಿ ಎಂದು. ಅಲ್ಲಿಗೆ ತಂದೆಯ ಮಾತಿನ ತೂಕವೆಷ್ಟಾಯಿತು? ಇನ್ನೂ ಗಟ್ಟಿಗರು ಪುರಾಣ ಬಿಟ್ಟು, ಆ ತಾಯಿಯೇ ಯಲ್ಲಮ್ಮನಾಗಿ ನೆಲೆಸಿದ ಸವದತ್ತಿ ಗುಡ್ಡಕ್ಕೆ ಕರೆದೊಯ್ಯುತ್ತಾರೆ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಗುಡ್ಡ ಹತ್ತುವುದು ಜಮದಗ್ನಿಯನ್ನು ನೋಡಲಿಕ್ಕೋ, ಯಲ್ಲಮ್ಮನನ್ನು ನೋಡಲಿಕ್ಕೋ? ಕೇಳಲು ಕೂತವರಲ್ಲಿ ಅರ್ಧ ಜನ ಆ ಗುಡ್ಡ ಹತ್ತಿ ಬಂದವರೇ. ಎದುರಿನವರು ಏನಂತ ಹಾಡಬೇಕು?

ನನ್ನ ಅಳತೆಗೋಲು ಇದೊಂದೇ: ಎದುರಾಳಿ ತಂದ ಕತೆಯನ್ನೇ ತಿರುಗಿಸಿ ಕೊಡುವವರು ದೊಡ್ಡವರು. ಇದಕ್ಕೆ ಗಂಗೆಯಷ್ಟು ಒದಗುವ ವಸ್ತು ಇನ್ನೊಂದಿಲ್ಲ. ಶಿವನ ತಲೆ ಇಲ್ಲದಿದ್ದರೆ ಅವಳು ಎಲ್ಲಿ ನಿಲ್ಲುತ್ತಿದ್ದಳು ಎಂದು ಹರದೇಶಿ ಕೇಳುತ್ತದೆ. ಹೆಚ್ಚಿನವನ ನೆತ್ತಿಯ ಮೇಲೆ ಕೂತವಳು ಯಾರಪ್ಪಾ ಎಂದು ನಾಗೇಶಿ ಕೇಳುತ್ತದೆ. ಭಸ್ಮಾಸುರನನ್ನು ಸುಟ್ಟ ಮೋಹಿನಿ ಯಾರ ಪಾಲು? ಒಳಗಿದ್ದವನು ವಿಷ್ಣು, ಗೆದ್ದದ್ದು ಹೆಣ್ಣಿನ ರೂಪ. ಇಲ್ಲಿಗೆ ಬಂದರೆ ಬೆಳಗಿನವರೆಗೆ ಹರಿಯುವ ಮಾತಲ್ಲ. ಅಲ್ಲಮನ ಮುಂದೆ ಮಾಯೆ ಸೋತ ಚಾಮರಸನ ‘ಪ್ರಭುಲಿಂಗಲೀಲೆ’ ಹರದೇಶಿಯ ಬತ್ತಳಿಕೆಯ ಬಲವಾದ ಬಾಣ. ಅದೇ ಅಲ್ಲಮನ ಪ್ರಶ್ನೆಗಳಿಗೆಲ್ಲ ಎದುರು ನಿಂತು ಉತ್ತರ ಕೊಟ್ಟ ಅಕ್ಕಮಹಾದೇವಿಯನ್ನು ನಾಗೇಶಿ ಕಾದಿಟ್ಟಿರುತ್ತದೆ.

ಇನ್ನೊಂದು ಬಿಗಿ ಉಂಟು. ಎದುರಿನವರು ಯಾವ ಮಟ್ಟಿನಲ್ಲಿ ಸವಾಲು ಹಾಕಿದರೋ ಅದೇ ಮಟ್ಟಿನಲ್ಲಿ ಜವಾಬು ಕಟ್ಟಿದರೇ ಅದಕ್ಕೆ ಬೆಲೆ. ಕಟ್ಟಿಟ್ಟ ಪದ ತಂದವರಿಗೆ ಇಲ್ಲಿ ಉಸಿರು ಸಿಗುವುದಿಲ್ಲ. ಪ್ರಾಸ ಹುಡುಕುತ್ತ ದಪ್ಪು ಎರಡು ಸುತ್ತು ಹೆಚ್ಚು ಬಾರಿಸಿದರೆ ಹಳಬರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಪದಕಟ್ಟುವವರ ಈ ವಿದ್ಯೆಗೆ ಜಿಲ್ಲೆಯಲ್ಲಿ ದೊಡ್ಡ ವಂಶವಿದೆ. ಹಲಸಂಗಿಯ ಖಾಜಾಭಾಯಿ ಲಾವಣಿ ಕಟ್ಟಿದವರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬರ ಹಲಸಂಗಿ ಗೆಳೆಯರ ಬಳಗ ಗರತಿಯರ ಹಾಡಿನ ಜೊತೆಗೆ ಲಾವಣಿಗಳನ್ನೂ ಕೂಡಿಸಿ ಅಚ್ಚಿಗೆ ತಂದಿತು. ಶಿವ–ಶಕ್ತಿಯರ ಈ ವಾದದಲ್ಲಿ ಮುಸಲ್ಮಾನ ಕವಿಗಳು, ಗಾಯಕರು ಇರುವುದಕ್ಕೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಮೊಹರಮ್ಮಿಗೆ ರಿವಾಯತ ಪದ ಹಾಡುವ ಊರುಗಳೂ ಇವೇ.

ಮಧ್ಯರಾತ್ರಿಯ ಮೇಲೆ ಎರಡರ್ಥದ ಮಾತು ಬರುತ್ತದೆ. ಕೆಲವು ಚಂದ, ಬಹಳಷ್ಟು ಅಗ್ಗ. ಮೊಬೈಲಿನಲ್ಲಿ ಹರಿದಾಡುವುದು ಈ ತುಣುಕುಗಳೇ ಆದ್ದರಿಂದ ಹಾಡಕಿ ಎಂದರೆ ಇಷ್ಟೇ ಎಂದು ದೂರದವರು ತಿಳಿದಿದ್ದಾರೆ. ಸವಾಲಿನಿಂದ ಜವಾಬಿನವರೆಗಿನ ಎಳೆ ಕತ್ತರಿಸಿದ ಮೇಲೆ ಉಳಿಯುವುದು ಬೈಗುಳವೊಂದೇ. ಇನ್ನು ಕಲಾಕಾಣಿಕೆ ಕೊಟ್ಟವರ ಹೆಸರುಗಳನ್ನು ಪದದ ನಡುವೆಯೇ ಮೈಕಿನಲ್ಲಿ ಕೂಗುವುದಕ್ಕೆ ಮದ್ದಿಲ್ಲ. ಆ ಹೊತ್ತಿಗೆ ಎದ್ದು ಮಿರ್ಚಿ ಭಜಿ, ಚಹಾ ಮುಗಿಸಿ ಬನ್ನಿ.

ಮೆಚ್ಚುಗೆಯ ಕೂಗಿಗೂ ಹೊತ್ತುಂಟು. ‘ಹೌದ್ದ ಹುಲಿಯಾ’ 2019ರ ಕಾಗವಾಡ ಉಪಚುನಾವಣೆಯಿಂದ ರಾಜ್ಯಕ್ಕೆಲ್ಲ ಗೊತ್ತಾಯಿತು. ಇಲ್ಲಿ ಅದನ್ನು ಇಳುವು ಮುಗಿದು ಹಿಮ್ಮೇಳ ಎತ್ತುವ ಮುಂಚಿನ ಸಣ್ಣ ಸಂದಿನಲ್ಲಿ ಕೂಗಬೇಕು. ನಡುವೆ ಕೂಗಿದರೆ ಪಕ್ಕದ ಮುದುಕರು ಗದರಿಸಿಯಾರು. ಅವರ ಪಕ್ಕದಲ್ಲೇ ಜಾಗ ಹಿಡಿಯಿರಿ, ಕೌದಿ ಮರೆಯಬೇಡಿ. ತಿಳಿಯದ್ದನ್ನು ‘ಕಾಕಾ, ಈಗ ಏನಂದ್ರು?’ ಎಂದು ಕೇಳಿದರೆ ಬಿಡಿಸಿ ಹೇಳುತ್ತಾರೆ, ಹೋದ ವರ್ಷ ಯಾರು ಎಲ್ಲಿ ತಡವರಿಸಿದರು ಎಂಬುದನ್ನೂ ಸೇರಿಸಿ.

ಕಬಡ್ಡಿಯ ಹಾಗೆ ಇಲ್ಲಿ ಅಂಕ ಬರೆಯುವ ಹಲಗೆ ಇಲ್ಲ, ಸೀಟಿ ಊದುವವರೂ ಇಲ್ಲ. ನಸುಕಿಗೆ ಎರಡೂ ಮೇಳ ಶಿವ–ಶಕ್ತಿ ಒಂದೇ ಎಂದು ಮಂಗಳ ಹಾಡುತ್ತವೆ. ಆದರೆ ಜನ ಅದನ್ನು ಒಪ್ಪಿಕೊಂಡು ಮನೆಗೆ ಹೋಗುವುದಿಲ್ಲ. ತೀರ್ಪು ಆಗುವುದು ಬೆಳಗಿನ ಮೊದಲ ಬಸ್ಸಿನಲ್ಲಿ. ಉತ್ತರ ಸಿಗದೆ ಉಳಿದ ಸವಾಲೊಂದಿದ್ದರೆ, ಅದೇ ಜೋಡಿ ಮತ್ತೆ ಎಲ್ಲಿ ಕೂಡುತ್ತದೆ ಎಂದು ಅಲ್ಲೇ ಯಾರೋ ಫೋನು ಹಚ್ಚಿ ವಿಚಾರಿಸುತ್ತಿರುತ್ತಾರೆ.