ಎಲಿಯಟ್ ಅವರ ಬೆಕೆಟ್ ಮತ್ತು ಮಹಾಧರ್ಮಾಧ್ಯಕ್ಷರ ಪೀಠ

ಟಿ. ಎಸ್. ಎಲಿಯಟ್ ಅವರ 'ಮರ್ಡರ್ ಇನ್ ದ ಕೆಥೀಡ್ರಲ್' ನಾಟಕವು 1935ರ ಜೂನ್ ತಿಂಗಳಲ್ಲಿ ಕ್ಯಾಂಟರ್ಬರಿ ಪ್ರಧಾನಾಲಯದ ಚಾಪ್ಟರ್ ಹೌಸಿನಲ್ಲಿ ಮೊದಲ ಬಾರಿಗೆ ರಂಗವೇರಿತು. 1170ರ ಡಿಸೆಂಬರ್ 29ರ ಸಂಜೆ ಮಹಾಧರ್ಮಾಧ್ಯಕ್ಷರಾದ ಸಂತ ಥಾಮಸ್ ಬೆಕೆಟ್ ಅವರು ಹತರಾದದ್ದು ಅದೇ ಪ್ರಧಾನಾಲಯದಲ್ಲಿ. ಚಿಚೆಸ್ಟರಿನ ಧರ್ಮಾಧ್ಯಕ್ಷ ಜಾರ್ಜ್ ಬೆಲ್ ಅವರ ಕೋರಿಕೆಯಂತೆ ರಚಿತವಾದ ಈ ಕೃತಿ ನಮ್ಮ ಓದುಗರಲ್ಲಿ ಹಲವರಿಗೆ ಪದವಿ ತರಗತಿಯ ಇಂಗ್ಲಿಷ್ ಪಠ್ಯವಾಗಿ ಪರಿಚಿತವಾಗಿರಬಹುದು. ಸಾಹಿತ್ಯ ವಿಮರ್ಶಕರು ಇದರ ಛಂದಸ್ಸನ್ನೂ ಮೇಳದ ಪ್ರಯೋಗವನ್ನೂ ಕುರಿತು ಸಾಕಷ್ಟು ಬರೆದಿದ್ದಾರೆ. ದೈವಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಇದರ ಮುಂದೆ ಬೇರೊಂದು ಪ್ರಶ್ನೆಯನ್ನು ಇಡಬೇಕಾಗಿದೆ: ಮಹಾಧರ್ಮಾಧ್ಯಕ್ಷರೊಬ್ಬರ ಮರಣವನ್ನು ಚಿತ್ರಿಸುವ ಈ ನಾಟಕಕ್ಕೆ ಮಹಾಧರ್ಮಾಧ್ಯಕ್ಷರ ಪದವಿ ಎಂದರೇನು ಎಂಬುದು ಎಷ್ಟರಮಟ್ಟಿಗೆ ಗೊತ್ತಿದೆ?

ನಾಟಕದ ಸಾಧನೆಯನ್ನು ಮೊದಲು ಒಪ್ಪಿಕೊಳ್ಳೋಣ. ಏಳು ವರ್ಷಗಳ ಹತ್ತಿರ ಹತ್ತಿರದ ದೇಶಭ್ರಷ್ಟತೆಯ ಬಳಿಕ ಮರಳಿದ ಥಾಮಸರ ಬಳಿಗೆ ನಾಲ್ವರು ಶೋಧಕರು ಬರುತ್ತಾರೆ. ಮೊದಲನೆಯವನು ಯೌವನದ ಸುಖಗಳನ್ನೂ, ಎರಡನೆಯವನು ಚಾನ್ಸಲರ್ ಪದವಿಯ ಅಧಿಕಾರವನ್ನೂ, ಮೂರನೆಯವನು ದೊರೆಯ ವಿರುದ್ಧ ಸಾಮಂತರ ಮೈತ್ರಿಯನ್ನೂ ಮುಂದೊಡ್ಡುತ್ತಾರೆ. ಈ ಮೂವರನ್ನೂ ಥಾಮಸರು ನಿರೀಕ್ಷಿಸಿದ್ದರು. ನಾಲ್ಕನೆಯವನನ್ನು ನಿರೀಕ್ಷಿಸಿರಲಿಲ್ಲ. ರಕ್ತಸಾಕ್ಷಿಯಾಗಿ ಸತ್ತು ಸಮಾಧಿಯಿಂದಲೇ ಲೋಕವನ್ನಾಳುವ ಕೀರ್ತಿಯನ್ನು ಅವನು ತೋರಿಸುತ್ತಾನೆ. ಥಾಮಸರು ಏಕಾಂತದಲ್ಲಿ ಬಯಸಿದ್ದನ್ನೇ ಅವರಿಗೆ ಮರಳಿಸುತ್ತಾನೆ. ಪುಣ್ಯಕಾರ್ಯವನ್ನೇ ಪಾಪದ ವಾಹನವಾಗಿಸುವ ಅಹಂಕಾರವನ್ನು ಇಷ್ಟು ಸೂಕ್ಷ್ಮವಾಗಿ ಬಿಡಿಸಿ ತೋರಿಸಿದ ನಾಟಕಗಳು ವಿರಳ. ಗುರುದೀಕ್ಷೆಗೆ ಸಿದ್ಧರಾಗುವವರು ಈ ದೃಶ್ಯವನ್ನು ಧ್ಯಾನಕೂಟದಲ್ಲಿ ಓದಿಕೊಂಡರೂ ತಪ್ಪಿಲ್ಲ.

ಆದರೆ ಆ ಕ್ಷಣದಿಂದ ನಾಟಕವೆಲ್ಲವೂ ಥಾಮಸರ ಅಂತರಂಗಕ್ಕೆ ಸರಿದುಬಿಡುತ್ತದೆ. ಅವರ ಸಂಕಲ್ಪ ಶುದ್ಧವಾಯಿತೇ ಎಂಬುದೊಂದೇ ಪ್ರಶ್ನೆಯಾಗಿ ಉಳಿಯುತ್ತದೆ. ದೊರೆ ಎರಡನೆಯ ಹೆನ್ರಿಗೂ ಅವರಿಗೂ ಇದ್ದ ವ್ಯಾಜ್ಯ ಯಾವುದು, ಅದರಲ್ಲಿ ನ್ಯಾಯ ಯಾರ ಕಡೆಗಿತ್ತು ಎಂಬುದನ್ನು ಪ್ರೇಕ್ಷಕನು ತಿಳಿಯಬೇಕಾದ ಅಗತ್ಯವೇ ಬೀಳುವುದಿಲ್ಲ. ಆ ವ್ಯಾಜ್ಯದ ವಿವರಗಳು ಹೆಚ್ಚಾಗಿ ಬರುವುದು ಕೊಲೆಗಾರರ ಬಾಯಿಂದ. ಕೊಲೆಯ ಬಳಿಕ ನಾಲ್ವರು ಯೋಧರು ಪ್ರೇಕ್ಷಕರತ್ತ ತಿರುಗಿ, ಪದ್ಯವನ್ನು ಬಿಟ್ಟು, ಸಾರ್ವಜನಿಕ ಸಭೆಯ ಗದ್ಯದಲ್ಲಿ ತಮ್ಮ ಕೃತ್ಯವನ್ನು ಸಮರ್ಥಿಸಿಕೊಳ್ಳುತ್ತಾರೆ. ಒಬ್ಬನು ರಾಜ್ಯದ ಸುವ್ಯವಸ್ಥೆಯ ಮಾತನಾಡುತ್ತಾನೆ; ಕೊನೆಯವನು ಇದು ಆತ್ಮಹತ್ಯೆಯೇ ಸರಿ ಎಂದು ತೀರ್ಪು ನೀಡುತ್ತಾನೆ. ಸರ್ವಾಧಿಕಾರಿಗಳು ಮೆರೆಯುತ್ತಿದ್ದ 1935ರ ಯೂರೋಪಿನಲ್ಲಿ, ಜರ್ಮನಿಯ ಕನ್ಫೆಸಿಂಗ್ ಸಭೆಯ ಬೆಂಬಲಕ್ಕೆ ನಿಂತಿದ್ದ ಬೆಲ್ ಅವರಂಥವರ ಸಮ್ಮುಖದಲ್ಲಿ, ಆ ಗದ್ಯ ಹೇಗೆ ಚುಚ್ಚಿರಬೇಕೆಂದು ನಾವು ಊಹಿಸಬಲ್ಲೆವು. ಅದಕ್ಕಾಗಿ ನಾಟಕವು ತೆತ್ತ ಬೆಲೆಯನ್ನೂ ಗಮನಿಸಬೇಕು. ಕಾನೂನು, ನ್ಯಾಯಾಲಯ, ಅಧಿಕಾರದ ಎಲ್ಲೆ ಇವುಗಳ ಪ್ರಸ್ತಾಪವೆಲ್ಲ ರಕ್ತ ಮೆತ್ತಿದ ಕೈಗಳಿಂದ ಬರುವುದರಿಂದ, ಅವುಗಳ ಬಗ್ಗೆ ಯೋಚಿಸುವುದೇ ಕೊಲೆಗಾರರ ಪಕ್ಷ ವಹಿಸಿದಂತೆ ಎಂಬ ಭಾವನೆ ಪ್ರೇಕ್ಷಕನಲ್ಲಿ ಮೂಡುತ್ತದೆ.

ಧರ್ಮಸಭೆಯ ಇತಿಹಾಸದಲ್ಲಿ ಈ ಪದವಿಯ ಮೂಲವನ್ನು ಇಲ್ಲಿ ನೆನೆಯುವುದು ಉಚಿತ. ಕ್ರಿ. ಶ. 325ರ ನೈಸಿಯಾ ಮಹಾಸಭೆಯ ನಾಲ್ಕನೆಯ ನಿಯಮದ ಪ್ರಕಾರ ಹೊಸ ಧರ್ಮಾಧ್ಯಕ್ಷರನ್ನು ಪ್ರಾಂತ್ಯದ ಧರ್ಮಾಧ್ಯಕ್ಷರೆಲ್ಲರೂ ಸೇರಿ ನೇಮಿಸಬೇಕು. ಎಲ್ಲರೂ ಬರಲಾಗದಿದ್ದರೆ ಮೂವರಾದರೂ ಸೇರಬೇಕು, ಉಳಿದವರು ಪತ್ರಮುಖೇನ ಸಮ್ಮತಿಸಬೇಕು. ದೃಢೀಕರಣದ ಹಕ್ಕು ಮಾತ್ರ ಮೆಟ್ರೊಪಾಲಿಟನ್ ಅವರದು. ಸಹೋದರ ಧರ್ಮಾಧ್ಯಕ್ಷರನ್ನು ಪರಸ್ಪರ ಕಟ್ಟಿಡುವ ಗಂಟಾಗಿ ಮಹಾಧರ್ಮಾಧ್ಯಕ್ಷರ ಪದವಿ ಹುಟ್ಟಿತು. ಪೋಪ್ ಮಹಾ ಗ್ರೆಗೊರಿಯವರು 601ರಲ್ಲಿ ಕ್ಯಾಂಟರ್ಬರಿಯ ಅಗಸ್ಟೀನರಿಗೆ ಪಾಲಿಯಂ ಎಂಬ ಉಣ್ಣೆಯ ಪಟ್ಟಿಯನ್ನು ಕಳುಹಿಸಿದಾಗ, ಅದರೊಂದಿಗೆ ಹನ್ನೆರಡು ಧರ್ಮಾಧ್ಯಕ್ಷರನ್ನು ಅಭಿಷೇಕಿಸುವ ಜವಾಬ್ದಾರಿಯನ್ನೂ ಕಳುಹಿಸಿದರು. ಹೆಗಲ ಮೇಲಿನ ಆ ಪಟ್ಟಿ ಒಬ್ಬಂಟಿಯಾಗಿ ಧರಿಸುವ ಆಭರಣವಲ್ಲ. ಎಲಿಯಟ್ ಅವರ ರಂಗದ ಮೇಲೆ ಮಠವಾಸಿಗಳಾದ ಮೂವರು ಗುರುಗಳಿದ್ದಾರೆ, ಯೋಧರಿದ್ದಾರೆ, ಹೆಂಗಸರಿದ್ದಾರೆ. ಧರ್ಮಾಧ್ಯಕ್ಷರು ಒಬ್ಬರೂ ಇಲ್ಲ.

ಇತಿಹಾಸದಲ್ಲಿ ಅವರು ಇದ್ದರು, ಮತ್ತು ಥಾಮಸರಿಗೆ ದೊರೆಗಿಂತ ಕಠಿಣವಾದ ಪ್ರಶ್ನೆಗಳನ್ನು ಕೇಳಿದರು. 1162ರ ಜೂನ್ 2ರಂದು ಗುರುದೀಕ್ಷೆ, ಮರುದಿನವೇ ಮಹಾಧರ್ಮಾಧ್ಯಕ್ಷರಾಗಿ ಅಭಿಷೇಕ: ಅಷ್ಟು ಅವಸರದಲ್ಲಿ ದೊರೆಯ ಚಾನ್ಸಲರ್ ಆಗಿದ್ದವರು ಪೀಠವೇರಿದರು. 1164ರ ಜನವರಿಯಲ್ಲಿ ಕ್ಲಾರೆಂಡನ್ನಿನಲ್ಲಿ ದೊರೆಯು ಪೂರ್ವಾಚಾರಗಳಿಗೆ ಒಪ್ಪಿಗೆ ಕೇಳಿದಾಗ ಧರ್ಮಾಧ್ಯಕ್ಷರು ಪ್ರತಿಭಟಿಸಿ ನಿಂತಿದ್ದರು. ಮೊದಲು ಮಣಿದವರು ಥಾಮಸರೇ. ಅವರ ಮಾತಿಗೆ ಕಟ್ಟುಬಿದ್ದು ಉಳಿದವರೂ ಒಪ್ಪಿದರು. ಹದಿನಾರು ವಿಧಿಗಳು ಲಿಖಿತವಾಗಿ ಮುಂದೆ ಬಂದಾಗ ಅವರು ಮುದ್ರೆಯೊತ್ತಲು ನಿರಾಕರಿಸಿದರು. ಬಳಿಕ ಪಶ್ಚಾತ್ತಾಪಪಟ್ಟು ಬಲಿಪೂಜೆ ಅರ್ಪಿಸುವುದನ್ನೇ ಕೆಲಕಾಲ ನಿಲ್ಲಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ನಾರ್ತಾಂಪ್ಟನ್ನಿನ ವಿಚಾರಣೆಯಿಂದ ವೇಷ ಮರೆಸಿಕೊಂಡು ಫ್ರಾನ್ಸಿಗೆ ಹೊರಟುಹೋದರು. ಲಂಡನ್ನಿನ ಧರ್ಮಾಧ್ಯಕ್ಷ ಗಿಲ್ಬರ್ಟ್ ಫೋಲಿಯಟ್ ಅವರು 1166ರಲ್ಲಿ ಬರೆದ ದೀರ್ಘ ಪತ್ರವು ಈ ಗಾಯವನ್ನೇ ಕೆದಕುತ್ತದೆ. ದಳಪತಿಯೇ ಮೊದಲು ಶರಣಾಗಿ, ಆಮೇಲೆ ರಣರಂಗವನ್ನು ಬಿಟ್ಟು ಓಡಿ, ದೂರದಿಂದ ತನ್ನ ಸೈನಿಕರನ್ನು ಹೇಡಿಗಳೆಂದು ಜರೆಯುವುದು ಯಾವ ನ್ಯಾಯ ಎಂಬುದು ಅದರ ತಿರುಳು. ಫೋಲಿಯಟ್ ಅವರಲ್ಲಿ ಅಸೂಯೆ ಇದ್ದಿರಬಹುದು. ಆ ಪೀಠ ತಮಗೆ ಸಲ್ಲಬೇಕಿತ್ತೆಂಬ ಅಸಮಾಧಾನವಿತ್ತೆಂದು ಅವರ ವಿರೋಧಿಗಳು ಆಡಿಕೊಂಡರು. ಆದರೆ ಅಸೂಯೆಪಡುವವನ ಪ್ರಶ್ನೆಯೂ ಸರಿಯಾದ ಪ್ರಶ್ನೆಯಾಗಿರಬಲ್ಲದು. ನಾಟಕದಲ್ಲಿ ಐದನೆಯ ಶೋಧಕನೊಬ್ಬನು ಬಂದು ನಿನ್ನ ಸಹೋದರರೆಲ್ಲಿ ಎಂದು ಕೇಳಿದ್ದರೆ ಥಾಮಸರು ಏನೆನ್ನುತ್ತಿದ್ದರು?

ಇನ್ನು ವ್ಯಾಜ್ಯದ ತಿರುಳಿಗೆ ಬರೋಣ. ಕ್ಲಾರೆಂಡನ್ನಿನ ಮೂರನೆಯ ವಿಧಿ ಅಪರಾಧವೆಸಗಿದ ಯಾಜಕವರ್ಗದವರನ್ನು ಕುರಿತದ್ದು. ಆಪಾದಿತನು ಮೊದಲು ರಾಜನ ನ್ಯಾಯಾಲಯದಲ್ಲಿ ಹಾಜರಾಗಬೇಕು. ವಿಚಾರಣೆ ಧರ್ಮಸಭೆಯ ನ್ಯಾಯಾಲಯದಲ್ಲೇ ನಡೆಯಲಿ. ಅಪರಾಧ ಸಾಬೀತಾದರೆ ಧರ್ಮಸಭೆ ಅವನನ್ನು ಮುಂದೆ ರಕ್ಷಿಸಬಾರದು. ಥಾಮಸರು ಇದನ್ನು ಒಪ್ಪಲಿಲ್ಲ. ಯಾಜಕಪದವಿಯಿಂದ ಕಿತ್ತುಹಾಕುವುದೇ ಒಂದು ಶಿಕ್ಷೆ, ಒಂದೇ ತಪ್ಪಿಗೆ ಎರಡು ಬಾರಿ ದಂಡಿಸುವುದು ದೈವನ್ಯಾಯಕ್ಕೆ ವಿರುದ್ಧ ಎಂಬುದು ಅವರ ವಾದ. ಬೆಡ್‌ಫರ್ಡಿನ ಕ್ಯಾನನ್ ಫಿಲಿಪ್ ಡಿ ಬ್ರಾಯ್ ಎಂಬವನ ಪ್ರಕರಣ ಆ ಕಾಲದಲ್ಲಿ ಹೆಸರಾಗಿತ್ತು. ಯೋಧನೊಬ್ಬನನ್ನು ಕೊಂದ ಆರೋಪದಿಂದ ಅವನು ಧರ್ಮಾಧ್ಯಕ್ಷರ ನ್ಯಾಯಾಲಯದಲ್ಲಿ ಪ್ರಮಾಣದ ಬಲದಿಂದ ಮುಕ್ತನಾಗಿದ್ದನು. ರಾಜನ ನ್ಯಾಯಾಧೀಶನು ಆ ವಿಷಯವನ್ನು ಮತ್ತೆ ಎತ್ತಿದಾಗ ಅವನನ್ನು ಬಾಯಿಗೆ ಬಂದಂತೆ ನಿಂದಿಸಿದನು. ನಿಂದನೆಗಾಗಿ ಫಿಲಿಪನಿಗೆ ಶಿಕ್ಷೆಯಾಯಿತು. ಕೊಲೆಯ ಮರುವಿಚಾರಣೆ ನಡೆಯಲಿಲ್ಲ.

ಥಾಮಸರ ಪರವಾಗಿ ಹೇಳಬೇಕಾದದ್ದೂ ಇದೆ. ರಾಜನ ನ್ಯಾಯವೆಂದರೆ ಅಂದು ನೇಣು ಮತ್ತು ಅಂಗಚ್ಛೇದ. ಧರ್ಮಸಭೆಯ ನ್ಯಾಯಾಲಯಕ್ಕೆ ರಕ್ತ ಹರಿಸುವುದು ನಿಷಿದ್ಧವಾಗಿತ್ತು. ಉಳಿದ ವಿಧಿಗಳಲ್ಲಿ ಕೆಲವು ದೊರೆಯ ಬೊಕ್ಕಸದ ಹಸಿವನ್ನೇ ಹೊತ್ತಿದ್ದವು: ಖಾಲಿಬಿದ್ದ ಪೀಠಗಳ ಆದಾಯವೆಲ್ಲ ರಾಜನಿಗೆ ಸಲ್ಲಬೇಕಿತ್ತು, ರೋಮಿನ ಮೇಲ್ಮನವಿಗೆ ರಾಜನ ಅಪ್ಪಣೆ ಬೇಕಿತ್ತು. ಪೋಪ್ ಮೂರನೆಯ ಅಲೆಕ್ಸಾಂಡರ್ ಅವರು ಹದಿನಾರರಲ್ಲಿ ಹತ್ತನ್ನು ಖಂಡಿಸಿ ಆರನ್ನು ಸಹಿಸಿಕೊಂಡರು. ನಮ್ಮ ತೀರ್ಮಾನವೂ ಹೀಗೆ ಬಿಡಿಬಿಡಿಯಾದದ್ದು. ಮೇಲ್ಮನವಿಯ ಸ್ವಾತಂತ್ರ್ಯದಲ್ಲಿ, ಖಾಲಿ ಪೀಠಗಳ ವಿಷಯದಲ್ಲಿ ಥಾಮಸರು ಧರ್ಮಸಭೆಯನ್ನು ಕಾಯ್ದರು. ಮೂರನೆಯ ವಿಧಿಯಲ್ಲಿ ಅವರು ಕಾಯ್ದದ್ದು ಯಾಜಕವರ್ಗವನ್ನು. ಇವೆರಡೂ ಒಂದೇ ಎಂದು ಭಾವಿಸಿದ್ದು ಆ ಯುಗದ ದೌರ್ಬಲ್ಯ. ನಾಟಕವು ಈ ವ್ಯತ್ಯಾಸವನ್ನು ಮಾಡುವುದಿಲ್ಲ; ಮಾಡುವ ಅವಕಾಶವನ್ನೂ ನಮಗೆ ಕೊಡುವುದಿಲ್ಲ.

ಕೊಲೆಗೆ ಕೂಡಲೇ ಕಾರಣವಾದದ್ದಂತೂ ಇನ್ನೂ ಲೌಕಿಕ. 1170ರ ಜೂನ್ 14ರಂದು ಯುವರಾಜ ಹೆನ್ರಿಯ ಕಿರೀಟಧಾರಣೆಯನ್ನು ಯಾರ್ಕಿನ ಮಹಾಧರ್ಮಾಧ್ಯಕ್ಷರು ನೆರವೇರಿಸಿದರು. ಆ ಹಕ್ಕು ಕ್ಯಾಂಟರ್ಬರಿಯದಾಗಿತ್ತು. ಥಾಮಸರು ಸ್ವದೇಶಕ್ಕೆ ಮರಳುವ ಮುನ್ನ ಪೋಪರ ಪತ್ರಗಳನ್ನು ಮುಂದಾಗಿ ಕಳುಹಿಸಿ ಯಾರ್ಕಿನವರನ್ನು ಅಮಾನತಿನಲ್ಲಿಟ್ಟರು, ಲಂಡನ್ ಮತ್ತು ಸಾಲಿಸ್‌ಬರಿಯ ಧರ್ಮಾಧ್ಯಕ್ಷರನ್ನು ಬಹಿಷ್ಕರಿಸಿದರು. ಆ ಮೂವರು ನಾರ್ಮಂಡಿಯಲ್ಲಿದ್ದ ದೊರೆಯ ಬಳಿ ದೂರಿತ್ತರು, ದೊರೆ ಸಿಡಿದನು, ನಾಲ್ವರು ಯೋಧರು ಹೊರಟರು. ನಾಟಕದಲ್ಲಿ ಇದು ಯೋಧರ ಆರೋಪವಾಗಿ ಬಂದು ಹೋಗುತ್ತದೆ. ಸಂತರ ಮರಣದ ಹಿಂದೆ ಅಗ್ರಪೂಜೆಯ ಜಗಳವಿತ್ತೆಂದು ಹೇಳಲು ನಾವು ಸಂಕೋಚಪಡಬೇಕಾಗಿಲ್ಲ. ಪಾವಿತ್ರ್ಯವು ಇಂಥ ಜಗಳಗಳ ನಡುವೆಯೂ ಬೆಳೆಯಬಲ್ಲದು. ಬಾಗಿಲಿಗೆ ಅಗುಳಿ ಹಾಕಿದ ಮಠವಾಸಿಗಳನ್ನು ಗದರಿಸಿ, ದೇವಾಲಯವನ್ನು ಕೋಟೆಯಾಗಿಸಬೇಡಿರೆಂದು ಬಾಗಿಲು ತೆಗೆಸಿದ ಆ ಸಂಜೆಯ ಥಾಮಸರ ಮುಂದೆ ನಾವೂ ತಲೆಬಾಗುತ್ತೇವೆ.

ನಾಟಕದಲ್ಲಿ ನಮ್ಮನ್ನು ಹೆಚ್ಚು ಕಾಡುವವರು ಕ್ಯಾಂಟರ್ಬರಿಯ ಬಡ ಹೆಂಗಸರು. ಉಳುಮೆ, ಕೂಲಿ, ತೆರಿಗೆ, ಚಳಿ ಇವುಗಳ ನಡುವೆ ಹೇಗೋ ಬದುಕಿಕೊಂಡಿದ್ದ ಅವರಿಗೆ ಮಹಾಧರ್ಮಾಧ್ಯಕ್ಷರ ಮರಳುವಿಕೆಯೇ ಭಯ ತರುತ್ತದೆ. ಕೊನೆಯಲ್ಲಿ ಅವರು ರಕ್ತಸಾಕ್ಷಿಯ ಮರಣಕ್ಕೆ ಕೃತಜ್ಞತೆ ಸಲ್ಲಿಸಿ, ತಮ್ಮ ಹೇಡಿತನಕ್ಕೆ ಕ್ಷಮೆ ಬೇಡುತ್ತಾರೆ. ಅವರಿಂದ ಇಷ್ಟನ್ನೆಲ್ಲ ಕೇಳುವ ನಾಟಕವು, ಆ ಪೀಠ ಅವರಿಗೆ ಏನನ್ನು ಕೊಡಬೇಕಿತ್ತು ಎಂದು ಒಮ್ಮೆಯೂ ಕೇಳುವುದಿಲ್ಲ.

ಈ ಕೊರತೆ ಎಷ್ಟು ದೊಡ್ಡದೆಂಬುದು ಬೆಕೆಟ್ ಅವರಂತೆಯೇ ದೇವಾಲಯದೊಳಗೆ ಹತರಾದ ನಮ್ಮ ಕಾಲದ ಇನ್ನೊಬ್ಬ ಮಹಾಧರ್ಮಾಧ್ಯಕ್ಷರ ಪಕ್ಕದಲ್ಲಿಟ್ಟು ನೋಡಿದಾಗ ತಿಳಿಯುತ್ತದೆ. ಎಲ್ ಸಾಲ್ವಡಾರಿನ ಸಂತ ಆಸ್ಕರ್ ರೊಮೆರೊ ಅವರು 1980ರ ಮಾರ್ಚ್ 24ರಂದು ಬಲಿಪೂಜೆ ಅರ್ಪಿಸುತ್ತಿದ್ದಾಗ ಗುಂಡಿಗೆ ಬಲಿಯಾದರು. ಅವರನ್ನೂ ಅಂತರಂಗದ ವೀರರಾಗಿ ಮಾತ್ರ ಕಾಣುವ ರೂಢಿ ಬೆಳೆದಿದೆ. ಆದರೆ ಅವರು ಮಾಡಿದ್ದು ಪೀಠದ ಕೆಲಸ. 1977ರ ಮಾರ್ಚ್ ತಿಂಗಳಲ್ಲಿ ಯೇಸುಸಭೆಯ ಗುರು ರುಟಿಲಿಯೊ ಗ್ರಾಂದೆ ಅವರ ಕೊಲೆಯಾದಾಗ, ಮುಂದಿನ ಭಾನುವಾರ ಇಡೀ ಮಹಾಧರ್ಮಕ್ಷೇತ್ರದಲ್ಲಿ ಪ್ರಧಾನಾಲಯದ ಒಂದೇ ಬಲಿಪೂಜೆ ನಡೆಯಬೇಕೆಂದು ವಿಧಿಸಿದರು. ಭಾನುವಾರದ ಪ್ರಬೋಧನೆಗಳಲ್ಲಿ ಹತರಾದವರ, ಕಾಣೆಯಾದವರ ಹೆಸರುಗಳನ್ನು ಓದಿ ರೇಡಿಯೊ ಮೂಲಕ ದೇಶಕ್ಕೆ ಕೇಳಿಸಿದರು. ಕೊಲೆಗಳ ತನಿಖೆ ನಡೆಸೆಂದು ಸರ್ಕಾರವನ್ನು ಒತ್ತಾಯಿಸಿದರು. ಬೆಕೆಟ್ ಅವರು ತಮ್ಮವರನ್ನು ರಾಜನ ನ್ಯಾಯಾಲಯದಿಂದ ಬಿಡಿಸಿಕೊಳ್ಳಲು ಹೋರಾಡಿದರೆ, ರೊಮೆರೊ ಅವರು ರಾಜ್ಯದ ನ್ಯಾಯಾಲಯ ತನ್ನ ಕೆಲಸ ಮಾಡಲೆಂದು ಹೋರಾಡಿದರು. ಸಹೋದರ ಧರ್ಮಾಧ್ಯಕ್ಷರಲ್ಲಿ ಹೆಚ್ಚಿನವರು ರೊಮೆರೊ ಅವರನ್ನೂ ಕೈಬಿಟ್ಟರು. ರಿವೆರಾ ಇ ದಾಮಾಸ್ ಅವರು ಮಾತ್ರ ಜೊತೆಗಿದ್ದರು. ಆದ್ದರಿಂದ ಒಂಟಿತನವೊಂದನ್ನೇ ಹಿಡಿದು ಬೆಕೆಟ್ ಅವರನ್ನು ದೂಷಿಸಲು ನಾವು ಸಿದ್ಧರಿಲ್ಲ. ಯಾರಿಗಾಗಿ ಒಂಟಿಯಾದರು ಎಂಬುದನ್ನು ಕೇಳಲೇಬೇಕು.

ಇದು ಎಂಟು ಶತಮಾನಗಳ ಹಿಂದಿನ ಮಾತೆಂದು ತಳ್ಳಿಹಾಕುವಂತಿಲ್ಲ. ಬೆಕೆಟ್ ಅವರ ರಕ್ತದಿಂದ ಮುದ್ರಿತವಾದ ಯಾಜಕವಿನಾಯಿತಿ, ಕ್ರಮೇಣ ರೂಪ ಬದಲಿಸಿ, ಇಂಗ್ಲೆಂಡಿನ ಕಾನೂನಿನಲ್ಲಿ 1827ರವರೆಗೂ ಉಳಿಯಿತು. ಮನಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಕಾಲ ಉಳಿದಿದೆ. ಮಕ್ಕಳ ಮೇಲೆ ದೌರ್ಜನ್ಯವೆಸಗಿದ ಗುರುಗಳನ್ನು ಪೊಲೀಸರಿಂದ ಮರೆಮಾಡಿ ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸಿದ ಹಲವು ದೇಶಗಳ ಮೇಲಧಿಕಾರಿಗಳು ತಾವು ಧರ್ಮಸಭೆಯನ್ನು ಕಾಯುತ್ತಿದ್ದೇವೆಂದೇ ನಂಬಿದ್ದರು. ಪೋಪ್ ಫ್ರಾನ್ಸಿಸ್ ಅವರು 2019ರ ಮೇ ತಿಂಗಳಲ್ಲಿ ಹೊರಡಿಸಿದ 'ವೋಸ್ ಎಸ್ತಿಸ್ ಲುಕ್ಸ್ ಮುಂದಿ' ಶಾಸನವು, ಪ್ರಾಂತ್ಯದ ಧರ್ಮಾಧ್ಯಕ್ಷರೊಬ್ಬರ ವಿರುದ್ಧ ಇಂಥ ದೂರು ಬಂದರೆ ಪ್ರಾಥಮಿಕ ತನಿಖೆಯ ಹೊಣೆಯನ್ನು ಸಾಮಾನ್ಯವಾಗಿ ಮೆಟ್ರೊಪಾಲಿಟನ್ ಅವರಿಗೆ ವಹಿಸುತ್ತದೆ. ಶತಮಾನಗಳಿಂದ ಬಹುಪಾಲು ಗೌರವಪದವಿಯಾಗಿದ್ದ ಅಧಿಕಾರಕ್ಕೆ ಮತ್ತೆ ತೂಕ ಬಂದಿದೆ. ಆಯಾ ದೇಶದ ಕಾನೂನು ವಿಧಿಸುವ ಕರ್ತವ್ಯಗಳಿಗೆ ಇದರಿಂದ ಬಾಧೆಯಿಲ್ಲವೆಂದೂ ಅದು ಹೇಳುತ್ತದೆ. ನಮ್ಮ ದೇಶದಲ್ಲಿ 2012ರ ಪೋಕ್ಸೊ ಕಾಯ್ದೆಯ ಪ್ರಕಾರ, ಮಗುವಿನ ಮೇಲಿನ ಅಪರಾಧ ತಿಳಿದುಬಂದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು; ನಿಲುವಂಗಿ ತೊಟ್ಟವರಿಗೂ ಇದರಲ್ಲಿ ವಿನಾಯಿತಿಯಿಲ್ಲ.

ಎಲಿಯಟ್ ಅವರ ನಾಟಕವನ್ನು ಗುರುಮಠಗಳ ಪಠ್ಯದಿಂದ ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ನಾಲ್ಕನೆಯ ಶೋಧಕನನ್ನು ಎದುರಿಸದೆ ಯಾರೂ ಬಲಿಪೀಠದ ಬಳಿಗೆ ಹೋಗಬಾರದು. ಆದರೆ ಅದನ್ನು ಪಾಠ ಹೇಳುವವರು ಫೋಲಿಯಟ್ ಅವರ ಪತ್ರವನ್ನೂ ಕ್ಲಾರೆಂಡನ್ನಿನ ಮೂರನೆಯ ವಿಧಿಯನ್ನೂ ಅದೇ ವಾರದಲ್ಲಿ ವಿದ್ಯಾರ್ಥಿಗಳ ಕೈಗೆ ಕೊಡಲಿ. ಫಿಲಿಪ್ ಡಿ ಬ್ರಾಯ್‌ನ ಪ್ರಕರಣವನ್ನು ಓದಿದ ಮೇಲೆ, ಆ ಸತ್ತ ಯೋಧನ ಮನೆಯ ಹೆಂಗಸರು ಕ್ಯಾಂಟರ್ಬರಿಯ ಮೇಳದಲ್ಲಿ ನಿಂತಿದ್ದರೆ ಯಾವ ಮಾತನ್ನು ಸೇರಿಸುತ್ತಿದ್ದರು ಎಂದು ತರಗತಿಯಲ್ಲಿ ಕೇಳಲಿ.