ಲುಬ್ಧಕದ ಸಂಗಾತಿಯೂ ಕೆಂಪು ಪಲ್ಲಟದ ಸಾಕ್ಷ್ಯವೂ

ಗುರುತ್ವವು ಬೆಳಕನ್ನು ಕೆಂಪಿನತ್ತ ಸರಿಸುವುದೆಂಬ ಐನ್‌ಸ್ಟೈನರ ಮತವು 1925ರಲ್ಲಿ ಲುಬ್ಧಕ ನಕ್ಷತ್ರದ ಸಂಗಾತಿಯಿಂದ ರುಜುವಾತಾಯಿತೆಂದು ಗ್ರಂಥಗಳು ದಶಕಗಳ ಕಾಲ ಹೇಳುತ್ತ ಬಂದುವು. ಈ ಮಾತನ್ನು ನಾವು ಇದ್ದಂತೆಯೇ ಒಪ್ಪಲಾರೆವು. ನಾವು ಭೌತವಿಜ್ಞಾನಿಗಳಲ್ಲ, ಆದರೆ ಎರಡು ಸಾಕ್ಷ್ಯಗಳು ನಿಜವಾಗಿಯೂ ಸ್ವತಂತ್ರವೇ ಎಂದು ಕೇಳುವುದು, ಶಾಸನವಾಗಲಿ ರೋಹಿತವಾಗಲಿ, ಚರಿತ್ರಕಾರನ ಕೆಲಸವೇ ಆಗಿದೆ.

ಗುರುತ್ವವು ಪ್ರಬಲವಾಗಿರುವೆಡೆ ಕಾಲ ನಿಧಾನವಾಗಿ ಸಾಗುತ್ತದೆ. ಪರಮಾಣುವೂ ಒಂದು ಗಡಿಯಾರವಾದುದರಿಂದ, ಅಲ್ಲಿಂದ ಹೊರಟ ಬೆಳಕಿನ ಕಂಪನಗಳು ನಮಗೆ ವಿರಳವಾಗಿ, ಎಂದರೆ ಕೆಂಪಿನತ್ತ ಸರಿದಂತೆ ತೋರುತ್ತವೆ. ಲುಬ್ಧಕದ ಸಂಗಾತಿಯು ಶ್ವೇತಕುಬ್ಜ. ಸೂರ್ಯನಷ್ಟು ದ್ರವ್ಯವು ಭೂಮಿಯಷ್ಟು ಗಾತ್ರದಲ್ಲಿ ಅಡಗಿದೆ. ಎಡಿಂಗ್ಟನ್ನರು 1924ರಲ್ಲಿ ಅದರ ಪಲ್ಲಟವನ್ನು, ವೇಗದ ಲೆಕ್ಕದಲ್ಲಿ, ಸೆಕೆಂಡಿಗೆ ಸುಮಾರು 20 ಕಿಲೋಮೀಟರೆಂದು ಎಣಿಸಿದರು. ಮರುವರ್ಷ ಮೌಂಟ್ ವಿಲ್ಸನ್ನಿನ ಆಡಮ್ಸರು ಅಳೆದು ಪಡೆದುದೂ ಹೆಚ್ಚುಕಡಿಮೆ ಅದೇ. 1928ರಲ್ಲಿ ಲಿಕ್ ವೀಕ್ಷಣಾಲಯದ ಮೂರ್ ಅವರೂ ಅದನ್ನು ಸಮರ್ಥಿಸಿದರು.

ಆದರೆ 1971ರಲ್ಲಿ ಗ್ರೀನ್‌ಸ್ಟೈನ್ ಮತ್ತು ಸಂಗಡಿಗರಿಗೆ ದೊರೆತ ಮೌಲ್ಯ 89. 2005ರಲ್ಲಿ ಹಬಲ್ ದೂರದರ್ಶಕದಿಂದ ದೊರೆತುದು ಸುಮಾರು 80. ಎಡಿಂಗ್ಟನ್ನರು ನಕ್ಷತ್ರದ ತಾಪವನ್ನು ತೀರ ಕಡಿಮೆಯೆಂದು ಹಿಡಿದುದರಿಂದ ಲೆಕ್ಕದಲ್ಲಿ ತ್ರಿಜ್ಯ ಹಿಗ್ಗಿತ್ತು, ಪಲ್ಲಟ ಕುಗ್ಗಿತ್ತು. ಇತ್ತ ಆಡಮ್ಸರ ಫಲಕಗಳಲ್ಲಿ, ಸಂಗಾತಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಉಜ್ಜ್ವಲವಾದ ಲುಬ್ಧಕದ ಚದರಿದ ಬೆಳಕು ಬೆರೆತಿತ್ತು. ಬೇರೆ ಬೇರೆ ಮೂಲದ ಎರಡು ದೋಷಗಳು ಒಂದೇ ಅಂಕಿಯಲ್ಲಿ ಸಂಧಿಸಿದುವು. ಆ ಸಂಧಿಯನ್ನೇ ಪ್ರಮಾಣವೆಂದು ಬಗೆಯಲಾಯಿತು. ಆಡಮ್ಸರ ಪ್ರಾಮಾಣಿಕತೆಯನ್ನು ನಾವು ಶಂಕಿಸುವುದಿಲ್ಲ. ಆದರೆ ಉತ್ತರವನ್ನು ಮೊದಲೇ ಬಲ್ಲವನು ಮಸುಕಾದ ಫಲಕವನ್ನು ಓದುವಾಗ, ಆ ಉತ್ತರ ಬಂದೊಡನೆ ಪರಿಶೋಧನೆಯನ್ನು ನಿಲ್ಲಿಸುವ ಅಪಾಯವುಂಟು. ಸಿದ್ಧಾಂತಕ್ಕೇನೂ ಕುಂದಾಗಲಿಲ್ಲ, 1960ರಲ್ಲಿ ಹಾರ್ವರ್ಡಿನ 22.5 ಮೀಟರ್ ಎತ್ತರದ ಗೋಪುರದಲ್ಲಿ ಪೌಂಡ್ ಮತ್ತು ರೆಬ್ಕಾ ಅವರು ಬೇರೆ ಮಾರ್ಗದಿಂದಲೇ ಅದನ್ನು ಸ್ಥಾಪಿಸಿದರು. 1925ರ ಸಾಕ್ಷ್ಯ ಮಾತ್ರ ಉಳಿಯಲಿಲ್ಲ.

ಗೆಲಕ್ಸಿಗಳ ವಿಷಯದಲ್ಲಿಯೂ ಈ ಪ್ರಶ್ನೆ ಏಳುತ್ತದೆ. 2011ರಲ್ಲಿ ವೊಯ್ತಾಕ್ ಮತ್ತು ಸಂಗಡಿಗರು ಸುಮಾರು 7,800 ಗೆಲಕ್ಸಿಗುಚ್ಛಗಳನ್ನು ಒಟ್ಟಿಗೆ ಪರಿಶೀಲಿಸಿ, ನಡುವಣ ಗೆಲಕ್ಸಿಗಳ ಬೆಳಕು ಅಂಚಿನವುಗಳದಕ್ಕಿಂತ ಸೆಕೆಂಡಿಗೆ ಸುಮಾರು 10 ಕಿಲೋಮೀಟರಿನಷ್ಟು ಹೆಚ್ಚು ಕೆಂಪಾಗಿದೆಯೆಂದೂ ಅದು ಐನ್‌ಸ್ಟೈನರ ಸಿದ್ಧಾಂತಕ್ಕೆ ಹೊಂದುತ್ತದೆಂದೂ ಪ್ರಕಟಿಸಿದರು. (ಆ ಗೆಲಕ್ಸಿಗಳ ಸ್ವಂತ ಚಲನೆಯೇ ಸೆಕೆಂಡಿಗೆ ನೂರಾರು ಕಿಲೋಮೀಟರ್!) ಚಲಿಸುವ ಗೆಲಕ್ಸಿಯಲ್ಲಿ ಕಾಲ ನಿಧಾನವಾಗುವುದರಿಂದ ಒದಗುವ ಪಲ್ಲಟವು ಆ ಲೆಕ್ಕದಲ್ಲಿ ಸೇರಿರಲಿಲ್ಲ. ಅದು ಕಡೆಗಣಿಸುವಷ್ಟು ಅಲ್ಪವಲ್ಲವೆಂದು 2013ರಲ್ಲಿ ಝಾವೋ, ಪೀಕಾಕ್ ಮತ್ತು ಲೀ ತೋರಿಸಿದರು. ಅದೇ ವರ್ಷ ಕೈಸರರು ಇನ್ನೂ ಕೆಲವು ಪರಿಣಾಮಗಳನ್ನು ಲೆಕ್ಕಕ್ಕೆ ತಂದರು. ಇಲ್ಲಿ ಆಕ್ಷೇಪವೇಳಲು ಎರಡು ವರ್ಷ ಸಾಕಾಯಿತು. ಲುಬ್ಧಕದ ಸಂಗಾತಿಯ ಅಂಕಿ ತಿದ್ದುಪಡಿಗಾಗಿ 1971ರವರೆಗೆ ಕಾಯಬೇಕಾಗಿತ್ತು.