ವಿಪ್ಪೆಟ್ ಮತ್ತು ನೀಲಗಿರಿಯ ಕಾಲುದಾರಿ

ವಿಪ್ಪೆಟ್ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಅದು ಓಟದ ನಾಯಿ, ದಿನವಿಡೀ ಬಯಲಲ್ಲಿ ಬಿಟ್ಟರೂ ದಣಿಯದು ಎಂಬುದು ಒಂದು. ಅದು ಸೋಫಾದ ನಾಯಿ, ಕಾಲು ಗಂಟೆ ಓಡಿಸಿದರೆ ಉಳಿದ ಹೊತ್ತೆಲ್ಲ ಕಂಬಳಿಯೊಳಗೆ ಮಲಗಿರುತ್ತದೆ ಎಂಬುದು ಇನ್ನೊಂದು. ದೂರ ನಡೆಯುವ ಹವ್ಯಾಸವಿದ್ದವರು, ಅದರಲ್ಲೂ ಮೈಸೂರು ಬೆಂಗಳೂರು ಬಿಟ್ಟು ಊಟಿ, ಕೂನೂರು, ಕೋತಗಿರಿಯ ಸುತ್ತ ಮನೆ ಮಾಡಿಕೊಂಡವರು, ಈ ಎರಡರಲ್ಲಿ ತಮಗೆ ಬೇಕಾದುದನ್ನು ನಂಬಿ ಮರಿ ತರುತ್ತಾರೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ದೂರದ ನಡಿಗೆಗೆ ವಿಪ್ಪೆಟ್‌ನ ಮೈ ಒಗ್ಗುತ್ತದೆ. ನೀಲಗಿರಿಯಲ್ಲಿ ಬೆಲ್ಟ್ ಬಿಚ್ಚಿ ಅದನ್ನು ನಡೆಸುವ ರೂಢಿ ಒಗ್ಗುವುದಿಲ್ಲ. ನನ್ನ ತಕರಾರು ಆ ರೂಢಿಯ ಮೇಲೆ.

ಮೊದಲು ನಾಯಿಯ ವಿಚಾರ. ಉತ್ತರ ಇಂಗ್ಲೆಂಡಿನ ಗಣಿ ಕಾರ್ಮಿಕರು 19ನೇ ಶತಮಾನದಲ್ಲಿ ಬೆಳೆಸಿದ ತಳಿ ಇದು. ಮನೆಗೆ ಮೊಲದ ಮಾಂಸ ಬೇಕು, ರಜೆಯ ದಿನ ಪಂದ್ಯ ಬೇಕು, ಆದರೆ ಗ್ರೇಹೌಂಡ್ ಸಾಕುವಷ್ಟು ಜಾಗವೂ ಇಲ್ಲ, ಅನ್ನವೂ ಇಲ್ಲ. ಹಾಗಾಗಿ ಚಿಕ್ಕದೊಂದು ಗ್ರೇಹೌಂಡ್ ರೂಪುಗೊಂಡಿತು. ಪಂದ್ಯದಲ್ಲಿ ಯಜಮಾನ ಓಟದ ಕೊನೆಯಲ್ಲಿ ನಿಂತು ಬಟ್ಟೆಯ ತುಂಡು ಬೀಸುತ್ತಿದ್ದ. ನಾಯಿ ಸುಮಾರು 200 ಗಜ ಓಡಿ ಬಂದು ಆ ಬಟ್ಟೆಗೆ ಬಾಯಿ ಹಾಕುತ್ತಿತ್ತು. ಇಂದಿನ ಮಾನದಂಡದಲ್ಲಿ ಗಂಡು 47ರಿಂದ 51 ಸೆಂಟಿಮೀಟರ್ ಎತ್ತರ, ಹೆಣ್ಣು 44ರಿಂದ 47. ತೂಕ ಹೆಚ್ಚೆಂದರೆ ಹದಿನೈದು, ಹದಿನೆಂಟು ಕಿಲೋ. ಇಷ್ಟು ಹಗುರದ ಪ್ರಾಣಿ ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗ ಮುಟ್ಟುತ್ತದೆ. ಪೂರ್ತಿ ಓಟದಲ್ಲಿ ಒಂದೊಂದು ನೆಗೆತಕ್ಕೆ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಒಮ್ಮೆ ಮೈ ಮಡಚಿದಾಗ, ಒಮ್ಮೆ ಮೈ ಚಾಚಿದಾಗ. ಇದನ್ನು ಹತ್ತಿರದಿಂದ ನೋಡಿದವರಿಗೆ ಈ ನಾಯಿಯನ್ನು ಓಡಲು ಬಿಡದಿರುವುದು ಅನ್ಯಾಯ ಎನ್ನಿಸುವುದು ಸಹಜ. ನನಗೂ ಹಾಗೆಯೇ ಅನ್ನಿಸುತ್ತದೆ.

ಈ ವೇಗ ರಕ್ತದಲ್ಲೇ ಎಷ್ಟು ಇಳಿದಿದೆ ಎಂಬುದನ್ನು 2007ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಮಯೋಸ್ಟಾಟಿನ್ ಎಂಬ ಜೀನ್ ಕೆಲವು ವಿಪ್ಪೆಟ್‌ಗಳಲ್ಲಿ ಕೆಟ್ಟಿದೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದರೆ ನಾಯಿ ಗೂಳಿಯ ಹಾಗೆ ಉಬ್ಬಿಕೊಳ್ಳುತ್ತದೆ. ಒಂದೇ ಪ್ರತಿ ಇದ್ದರೆ ಪಂದ್ಯದಲ್ಲಿ ಉಳಿದವನ್ನು ಹಿಂದೆ ಹಾಕುತ್ತದೆ. ತಲೆಮಾರುಗಳ ಕಾಲ ಮನುಷ್ಯರು ಆರಿಸಿದ್ದು ಅರ್ಧ ನಿಮಿಷದೊಳಗೆ ಮುಗಿಯುವ ಸಾಮರ್ಥ್ಯವನ್ನು.

ಹಾಗಿದ್ದರೆ ದೂರ ನಡೆಯಲಾರದೇ? ನಡೆಯುತ್ತದೆ. ಅದರ ಜೊತೆ ನಡೆದವರಿಗೆ ಇದು ಗೊತ್ತು. ದೊಡ್ಡ ಹೃದಯ, ಕೊಬ್ಬಿಲ್ಲದ ಮೈ, ಹಗುರವಾದ ಹೆಜ್ಜೆ. ದಿನಕ್ಕೆ ಒಂದು ಗಂಟೆ ನಡಿಗೆ ಸಾಕು ಎಂಬುದು ಸಾಮಾನ್ಯ ಲೆಕ್ಕ. ಆದರೆ ವಾರವಾರ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋದರೆ ಬೆಳೆದ, ಆರೋಗ್ಯವಂತ ವಿಪ್ಪೆಟ್ ಹತ್ತು ಹನ್ನೆರಡು ಕಿಲೋಮೀಟರಿನ ಬೆಟ್ಟದ ದಾರಿಯನ್ನು ಗೊಣಗದೆ ಮುಗಿಸುತ್ತದೆ. ಮೂಳೆಯ ತುದಿಗಳು ಗಟ್ಟಿಯಾಗದ ಮರಿಗೆ ಮಾತ್ರ ಇದು ಸಲ್ಲದು. ವರ್ಷ ತುಂಬುವವರೆಗೆ ದೂರದ ಏರುದಾರಿ ಬೇಡ. ಲ್ಯಾಬ್ರಡಾರ್ ಹಾಗೆ ನಡಿಗೆ ತಪ್ಪಿದ ದಿನ ಮನೆಯನ್ನು ತಲೆಕೆಳಗು ಮಾಡುವ ಗುಣವೂ ಇದಕ್ಕಿಲ್ಲ. ಜೂನ್ ಜುಲೈನಲ್ಲಿ ಎರಡು ದಿನ ಬಿಡದೆ ಮಳೆ ಹಿಡಿದರೆ ಎರಡು ದಿನವೂ ಮಲಗಿಯೇ ಇರುತ್ತದೆ. ಹಾಗಾಗಿ ನಡಿಗೆಯ ಪ್ರಶ್ನೆಯಲ್ಲಿ ನಾಯಿ ಗೆಲ್ಲುತ್ತದೆ.

ಸೋಲುವುದು ಚರ್ಮದಲ್ಲಿ. ವಿಪ್ಪೆಟ್‌ನ ಕೂದಲು ತೆಳು, ಚರ್ಮ ಅದಕ್ಕಿಂತ ತೆಳು, ಅಡಿಯಲ್ಲಿ ಕೊಬ್ಬಿನ ಪದರ ಇಲ್ಲವೇ ಇಲ್ಲ ಎನ್ನಬಹುದು. ಚಹಾ ತೋಟದ ಮುಳ್ಳುತಂತಿ, ಲಂಟಾನದ ಪೊದೆ, ಸೀಗೂರು ಕಡೆಯ ಜಾಲಿಮುಳ್ಳು, ಇವು ಬೇರೆ ನಾಯಿಗೆ ಗೀರು ಬೀಳಿಸಿದರೆ ಇದರ ಚರ್ಮವನ್ನು ಹರಿದೇ ಹಾಕುತ್ತವೆ. ಹರಿದರೆ ಹೊಲಿಗೆ ಬೇಕು, ಹೊಲಿಗೆಗೆ ಅರಿವಳಿಕೆ ಬೇಕು. ಕಣ್ಣಿನಿಂದ ಬೇಟೆಯಾಡುವ ಈ ಜಾತಿಯ ನಾಯಿಗಳ ದೇಹದಿಂದ ಥಯೋಪೆಂಟಾಲ್‌ನಂಥ ಹಳೆಯ ಅರಿವಳಿಕೆ ಮದ್ದು ಬಹಳ ನಿಧಾನವಾಗಿ ಇಳಿಯುತ್ತದೆ, ಎಚ್ಚರವಾಗುವುದು ತಡವಾಗುತ್ತದೆ. ಪೇಟೆಯಿಂದ ದೂರದ ಎಸ್ಟೇಟಿನಲ್ಲಿ ವಿಪ್ಪೆಟ್ ಸಾಕುವವರು ತಮ್ಮ ಪಶುವೈದ್ಯರೊಂದಿಗೆ ಈ ಮಾತನ್ನು ಗಾಯವಾಗುವ ಮೊದಲೇ ಆಡಿರಬೇಕು.

ಊಟಿಯ ಹವೆಗೂ ಎರಡು ಮುಖ. 2,240 ಮೀಟರ್ ಎತ್ತರದ ಈ ಊರಿನಲ್ಲಿ ಡಿಸೆಂಬರ್, ಜನವರಿಯ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಆ ಹೊತ್ತಿನಲ್ಲಿ ಸ್ವೆಟರ್ ಇಲ್ಲದೆ ವಿಪ್ಪೆಟ್ ಅನ್ನು ಹೊರಗೆ ಕರೆದೊಯ್ಯುವುದು ಕ್ರೌರ್ಯ. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಹನ್ನೊಂದು ಗಂಟೆಗೆ ಡಾಂಬರು ಅಂಗಾಲು ಸುಡುತ್ತದೆ. ಊಟಿಯಲ್ಲಿ ಅದೇ ತಿಂಗಳು, ಅದೇ ಹೊತ್ತಿನಲ್ಲಿ ಸುಖವಾಗಿ ನಡೆಯಬಹುದು. ಬೆಳಗಿನ ಚಳಿ, ಸಂಜೆಯ ಚಿರತೆ ಎರಡನ್ನೂ ತಪ್ಪಿಸಲು ನಡುಹಗಲಿನಲ್ಲೇ ನಡೆಯುವುದು ಇಲ್ಲಿನ ಸರಿಯಾದ ಕ್ರಮ ಎಂದು ನಾನು ತಿಳಿದಿದ್ದೇನೆ. ಬಯಲುಸೀಮೆಯಿಂದ ಬಂದವರು ಮುಂಜಾನೆ ನಡೆಯುವ ತಮ್ಮ ಅಭ್ಯಾಸವನ್ನು ಇಲ್ಲಿ ಬಿಡಬೇಕು.

ಇನ್ನು ಬೆಲ್ಟ್‌ನ ಮಾತು. ಊಟಿಯ ವೆನ್‌ಲಾಕ್ ಡೌನ್ಸ್, ಅಂದರೆ ಸಿನಿಮಾ ಚಿತ್ರೀಕರಣದಿಂದ ಎಲ್ಲರಿಗೂ ಪರಿಚಿತವಾದ ಆರನೇ ಮೈಲಿ, ಒಂಬತ್ತನೇ ಮೈಲಿಯ ಹುಲ್ಲುಗುಡ್ಡಗಳು. ಆ ಇಳಿಜಾರು ಕಂಡವರಿಗೆ ನಾಯಿ ಬಿಡಲೆಂದೇ ಮಾಡಿದ ಜಾಗ ಅನ್ನಿಸುತ್ತದೆ. ಇತಿಹಾಸವೂ ಹಾಗೆಯೇ ಸಾಕ್ಷಿ ಹೇಳುವಂತಿದೆ. 19ನೇ ಶತಮಾನದಿಂದ ಇದೇ ಗುಡ್ಡಗಳ ಮೇಲೆ ಊಟಿ ಹಂಟ್‌ನ ಸವಾರರು ಇಂಗ್ಲೆಂಡಿನ ಫಾಕ್ಸ್‌ಹೌಂಡ್ ಹಿಂಡು ಕಟ್ಟಿಕೊಂಡು, ನರಿ ಸಿಗದ ಕಡೆ ಗುಳ್ಳೆನರಿಯನ್ನೇ ಅಟ್ಟಿದರು. 1891ರಿಂದ 1896ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್‌ಲಾಕ್ ಹೆಸರೇ ಗುಡ್ಡಗಳಿಗೆ ಅಂಟಿತು. ಹಳೆಯ ಬಂಗಲೆಗಳ ಗೋಡೆಯ ಮೇಲಿನ ಆ ಬೇಟೆಯ ಚಿತ್ರಗಳನ್ನು ನೋಡಿ, ಅಂದು ನಡೆದದ್ದು ಇಂದೂ ನಡೆಯಲಿ ಎನ್ನುವವರಿದ್ದಾರೆ.

ಈ ವಾದವನ್ನು ನಾನು ಒಪ್ಪುವುದಿಲ್ಲ. ಫಾಕ್ಸ್‌ಹೌಂಡ್ ಮೂಗಿನ ನಾಯಿ. ವಾಸನೆ ಹಿಡಿದು, ಹಿಂಡಿನಲ್ಲಿ, ಬೊಗಳುತ್ತ, ಹಿಂದೆ ಕುದುರೆ ಸವಾರರನ್ನು ಇಟ್ಟುಕೊಂಡು ಓಡುವಂಥದ್ದು. ಅದು ಎಲ್ಲಿದೆ ಎಂದು ಎಲ್ಲರಿಗೂ ಕೇಳಿಸುತ್ತದೆ. ವಿಪ್ಪೆಟ್ ಕಣ್ಣಿನ ನಾಯಿ. ಒಂಟಿಯಾಗಿ, ಸದ್ದಿಲ್ಲದೆ ಓಡುತ್ತದೆ. ಮೊಲ ಎದ್ದ ಗಳಿಗೆಯಲ್ಲಿ ಅದರ ಕಿವಿಗೆ ನಿಮ್ಮ ಕರೆ ಮುಟ್ಟುವುದಿಲ್ಲ. ಹತ್ತು ಸೆಕೆಂಡಿನಲ್ಲಿ ನೂರೈವತ್ತು ಮೀಟರ್ ದಾಟಿ ಗುಡ್ಡದ ಆಚೆ ಇಳಿದಿರುತ್ತದೆ. ಆಚೆ ಏನಿದೆ ಎಂಬುದೂ ಈಗ ಬೇರೆ. ಹುಲ್ಲುಗಾವಲಿನ ಬಹುಪಾಲನ್ನು ವ್ಯಾಟಲ್, ನೀಲಗಿರಿ ಮರ, ಪೈನ್ ನೆಡುತೋಪುಗಳು, ಚಹಾ ತೋಟಗಳು ನುಂಗಿವೆ. ಆ ತೋಪಿನಂಚಿನಲ್ಲಿ ಕಾಡುಕೋಣ ನಿಂತಿರಬಹುದು, ಚಿರತೆ ಮಲಗಿರಬಹುದು. ಉಳಿದಿರುವ ಹುಲ್ಲು ಕಾಯ್ದಿಟ್ಟ ಅರಣ್ಯಕ್ಕೆ ಸೇರಿದ್ದು, ಜೊತೆಗೆ ತೋಡರ ಎಮ್ಮೆಗಳು ಮೇಯುವ ಜಾಗ.

ಕಾನೂನೂ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂದರೆ ಮಾತ್ರ ಬೇಟೆ ಎಂದೇನಿಲ್ಲ. ನಾಯಿ ಬಿಟ್ಟು ಅಟ್ಟಿಸುವುದು, ಓಡಿಸುವುದು, ಅದಕ್ಕೆ ಪ್ರಯತ್ನಿಸುವುದು ಎಲ್ಲವೂ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತವೆ. ‘ನನ್ನ ನಾಯಿ ಹಿಡಿಯುವುದಿಲ್ಲ, ಸುಮ್ಮನೆ ಓಡುತ್ತದೆ ಅಷ್ಟೆ’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಇರಲೂಬಾರದು. ಬೇಸಿಗೆಯಲ್ಲಿ ಮರಿ ಹಾಕಿದ ಮೊಲಕ್ಕೆ, ಹುಲ್ಲಿನಲ್ಲಿ ಮೊಟ್ಟೆಯಿಟ್ಟ ಹಕ್ಕಿಗೆ ಆ ಓಟದ ಉದ್ದೇಶ ಏನಾಗಿದ್ದರೇನು?

ಕಾಡಿನಾಚೆಗೂ ನೆರೆಹೊರೆ ಇದೆ. ಊಟಿ, ಕೋತಗಿರಿಯ ಸುಂದರ ಕಾಲುದಾರಿಗಳೆಲ್ಲ ಬಡಗರ ಹಟ್ಟಿಗಳ ನಡುವೆ, ಅವರ ಕ್ಯಾರೆಟ್, ಆಲೂಗೆಡ್ಡೆ, ಕೋಸಿನ ಮೆಟ್ಟಿಲು ಹೊಲಗಳ ಬದುವಿನ ಮೇಲೆ ಹಾದುಹೋಗುತ್ತವೆ. ನಮ್ಮ ಕಡೆಯವರಿಗೆ ಬಡಗರ ಮಾತು ಅರ್ಧಕ್ಕರ್ಧ ತಿಳಿಯುತ್ತದೆ, ದೊಡ್ಡಬೆಟ್ಟ ಎಂಬ ಹೆಸರಿಗೆ ಅರ್ಥ ಕೇಳಬೇಕಿಲ್ಲ. ಈ ಸಲುಗೆಯಿಂದಾಗಿ ನಮ್ಮವರು ಅಲ್ಲಿ ಅತಿಥಿಗಳಿಗಿಂತ ಹೆಚ್ಚಿನ ಸ್ವಾತಂತ್ರ್ಯ ತೆಗೆದುಕೊಳ್ಳುತ್ತಾರೆ. ಮೊಳಕೆಯೊಡೆದ ಪಾತಿಯ ಮೇಲೆ ಒಂದು ವಿಪ್ಪೆಟ್ ನಾಲ್ಕು ಸುತ್ತು ಹಾಕಿದರೆ ಆ ರೈತನ ವಾರದ ದುಡಿಮೆ ಮಣ್ಣುಪಾಲು. ಓಡುವ ಕೋಳಿಯನ್ನು ಕಂಡ ಬೇಟೆನಾಯಿಗೆ ಬುದ್ಧಿ ಹೇಳಿ ಫಲವಿಲ್ಲ.

ಚಿರತೆಯ ಅಪಾಯವನ್ನು ಉತ್ಪ್ರೇಕ್ಷೆ ಎನ್ನುವವರಿಗೆ ಒಂದು ಅಂಕಿ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ಹೊಲಗದ್ದೆಗಳ ನಡುವೆ ಬದುಕುವ ಚಿರತೆಗಳ ಆಹಾರವನ್ನು ಪರೀಕ್ಷಿಸಿದಾಗ ತೂಕದ ಲೆಕ್ಕದಲ್ಲಿ ಶೇಕಡಾ 39ರಷ್ಟು ನಾಯಿಯೇ ಆಗಿತ್ತು. ಅಕೋಲೆ ಬೇರೆ, ಕೂನೂರು ಬೇರೆ. ಆದರೆ ಕೂನೂರು, ಕೋತಗಿರಿಯ ಮನೆಯಂಗಳಗಳ ಕ್ಯಾಮೆರಾಗಳಲ್ಲಿ ನಾಯಿ ಹುಡುಕುತ್ತ ಬಂದ ಚಿರತೆ ಮತ್ತೆ ಮತ್ತೆ ಕಾಣಿಸಿದೆ. ಹದಿನೈದು ಕಿಲೋದ ಪ್ರಾಣಿ ಚಿರತೆಗೆ ಹೇಳಿ ಮಾಡಿಸಿದ ಗಾತ್ರ.

ಗೂಡಲೂರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರ ಸಮೀಪದ ದೇವಾಲದ ಸುತ್ತ ಮುಂಗಾರು ಸುರಿಯುವ ಪರಿ ಗೊತ್ತಿದ್ದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ವಿಪ್ಪೆಟ್ ನಡಿಗೆಯ ಆಸೆ ಇಟ್ಟುಕೊಳ್ಳುವುದಿಲ್ಲ. ಉಂಬಳ ಒಂದು ಕಡೆ, ಆನೆ ಇನ್ನೊಂದು ಕಡೆ. ಆನೆಯನ್ನು ಕಂಡು ಕೆಣಕಿದ ನಾಯಿ ಹೆದರಿ ಓಡಿಬರುವುದು ಯಜಮಾನನ ಕಾಲಬುಡಕ್ಕೇ. ಕಾಫಿ ತೋಟದ ಒಳದಾರಿಯಲ್ಲಿ, ಬೇಸಿಗೆಯಲ್ಲಿ, ಹಗಲಿನಲ್ಲಿ, ಬೆಲ್ಟ್ ಹಾಕಿ ಒಂದು ಗಂಟೆ. ಅದಕ್ಕಿಂತ ಹೆಚ್ಚು ಬೇಡ.

ಮಸಿನಗುಡಿಯ ವಿಷಯದಲ್ಲಿ ನನ್ನ ಉತ್ತರ ಬೇಡ ಎಂಬುದೇ. ಗುಂಡ್ಲುಪೇಟೆ, ಬಂಡೀಪುರ ದಾಟಿ ವಾರಾಂತ್ಯಕ್ಕೆ ಬರುವ ಕನ್ನಡಿಗರಿಗೆ ಅದು ಕಾಡಂಚಿನ ರೆಸಾರ್ಟಿನ ಊರು. ನಿಜದಲ್ಲಿ ಅದು ಮುದುಮಲೆ ಹುಲಿ ಸಂರಕ್ಷಿತ ಪ್ರದೇಶದ ಬಫರ್ ವಲಯ. 2021ರ ಅಕ್ಟೋಬರ್‌ನಲ್ಲಿ ಟಿ23 ಎಂಬ ಹುಲಿಯನ್ನು ವಾರಗಟ್ಟಲೆ ಹುಡುಕಿ ಹಿಡಿದದ್ದು ಇದೇ ಮಸಿನಗುಡಿಯ ಬಳಿ. ಅದನ್ನು ಸಾಗಿಸಿದ್ದು ನಮ್ಮ ಮೈಸೂರಿಗೆ. ಅಲ್ಲಿನ ಹಾದಿಯಲ್ಲಿ ನಾಯಿ ಹಿಡಿದು ನಡೆಯುವುದು ನಾಯಿಗೆ, ನಿಮಗೆ ಇಬ್ಬರಿಗೂ ಅಪಾಯ. ಅಷ್ಟೇ ಮುಖ್ಯವಾದ ಇನ್ನೊಂದು ವಿಚಾರ ಸೀಳುನಾಯಿಗಳದ್ದು. ಸಾಕುನಾಯಿಯ ಡಿಸ್ಟೆಂಪರ್ ಅವಕ್ಕೂ ಹರಡುತ್ತದೆ, ಹುಲಿಗೂ ಹರಡಬಲ್ಲದು. 2018ರಲ್ಲಿ ಗಿರ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಕೆಲವುಗಳಲ್ಲಿ ಈ ವೈರಸ್ ಪತ್ತೆಯಾಗಿತ್ತು. ಲಸಿಕೆ ಹಾಕಿಸದ ನಾಯಿಯನ್ನು ಜಿಲ್ಲೆಯ ಯಾವ ಕಾಡಂಚಿಗೂ ತರಬಾರದು. ಮಂಗನ ಕಾಯಿಲೆಯ ಹೆಸರು ಕೇಳಿದ ಕರ್ನಾಟಕದವರಿಗೆ ಉಣ್ಣಿಯ ಬಗ್ಗೆ ಬೇರೆ ಹೇಳಬೇಕಿಲ್ಲ. ಪ್ರತಿ ನಡಿಗೆಯ ನಂತರ ಕಿವಿಯೊಳಗೆ, ಬೆರಳ ಸಂದಿಯಲ್ಲಿ ನೋಡಬೇಕು. ಕೂದಲು ಗಿಡ್ಡವಾದ್ದರಿಂದ ವಿಪ್ಪೆಟ್‌ನಲ್ಲಿ ಉಣ್ಣಿ ಬೇಗ ಕಣ್ಣಿಗೆ ಬೀಳುತ್ತದೆ, ಇದು ಅದರ ಪರವಾದ ಅಂಶ.

ಹಾಗಾದರೆ ಮುಧೋಳ ನಾಯಿಯೇ ಆಗಬಹುದಲ್ಲ ಎಂದು ಕನ್ನಡದ ಓದುಗರು ಕೇಳುತ್ತಾರೆ. ನನಗೆ ಮುಧೋಳದ ಮೇಲೆ ಅಭಿಮಾನವಿದೆ. ಘೋರ್ಪಡೆ ಅರಸರು ಪೋಷಿಸಿದ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರ ಉಳಿಸಿಕೊಂಡು ಬಂದ ನಾಯಿ ಅದು. ವಿಪ್ಪೆಟ್‌ಗಿಂತ ಒಂದು ಗೇಣು ಎತ್ತರ, ಚರ್ಮ ಗಟ್ಟಿ, ದೂರದ ಓಟದಲ್ಲಿ ಉಸಿರು ಹೆಚ್ಚು. ಆದರೆ ಅದೂ ಕಣ್ಣಿನ ಬೇಟೆಗಾರನೇ. ಬಾಗಲಕೋಟೆಯ ಎರೆಭೂಮಿಯಲ್ಲಿ ಮೈಲಿಗಟ್ಟಲೆ ಕಣ್ಣು ಹಾಯುತ್ತದೆ, ಓಡಿದ ನಾಯಿ ಕಾಣುತ್ತಲೇ ಇರುತ್ತದೆ. ಊಟಿಯ ತೋಪುಗಳಲ್ಲಿ ಮುಧೋಳ ವಿಪ್ಪೆಟ್‌ಗಿಂತ ಇನ್ನೂ ದೂರ ಹೋಗಿ ಕಳೆದುಹೋಗುತ್ತದೆ. ತಮಿಳುನಾಡಿನ ಚಿಪ್ಪಿಪಾರೈ, ಕನ್ನಿ ತಳಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಊಟಿ, ಕೂನೂರಿನಲ್ಲಿದ್ದು ದೂರ ನಡೆಯುವವರು ವಿಪ್ಪೆಟ್ ತರಬಹುದು. ಅದರ ಕುತ್ತಿಗೆ ತಲೆಯಷ್ಟೇ ದಪ್ಪ, ಮಾಮೂಲಿ ಕೊರಳಪಟ್ಟಿ ಜಾರಿಹೋಗುತ್ತದೆ. ಎದೆಗೆ ಕಟ್ಟುವ ಹಾರ್ನೆಸ್ ಬೇಕು. ಹತ್ತು ಮೀಟರಿನ ಉದ್ದ ಹಗ್ಗವನ್ನು ಕೊರಳಿಗೆ ಕಟ್ಟುವುದು ಎಲ್ಲಕ್ಕಿಂತ ಕೆಟ್ಟದ್ದು, ಪೂರ್ಣ ವೇಗದಲ್ಲಿ ಹಗ್ಗ ಬಿಗಿದರೆ ಕುತ್ತಿಗೆಯೇ ಮುರಿಯಬಹುದು. ಎರಡು ಮೀಟರಿನ ಹಗ್ಗ, ಜೊತೆಗೆ ನಡೆಯುವ ಅಭ್ಯಾಸ, ಅಷ್ಟು ಸಾಕು. ಓಟದ ಹಕ್ಕನ್ನು ಬೇರೆ ಕಡೆ ತೀರಿಸಬೇಕು. ಸುತ್ತ ಗೋಡೆಯೋ ಬಲೆಯೋ ಇರುವ ಆಟದ ಮೈದಾನ, ಟೆನಿಸ್ ಅಂಕಣ, ಎಸ್ಟೇಟ್ ಬಂಗಲೆಯ ಹುಲ್ಲುಹಾಸು, ಅನುಮತಿ ಪಡೆದು ವಾರಕ್ಕೆ ಎರಡು ಮೂರು ಸಲ. ದಾರಕ್ಕೆ ಬಟ್ಟೆಯ ತುಂಡು ಕಟ್ಟಿ ಎಳೆದರೆ ಗಣಿ ಕಾರ್ಮಿಕರ ಹಳೆಯ ಪಂದ್ಯವೇ ಮತ್ತೆ ನಡೆಯುತ್ತದೆ. ಐದಾರು ನಿಮಿಷದಲ್ಲಿ ನಾಯಿ ತೃಪ್ತಿಯಿಂದ ನಾಲಿಗೆ ಚಾಚಿ ನಿಲ್ಲುತ್ತದೆ. ಇಂಥ ಜಾಗವೊಂದನ್ನು ಗೊತ್ತು ಮಾಡಿಕೊಳ್ಳದೆ ಮರಿ ತರುವುದನ್ನು ನಾನು ಬೆಂಬಲಿಸುವುದಿಲ್ಲ. ಬೆಲ್ಟ್ ಬಿಚ್ಚಿ ಗುಡ್ಡದ ಮೇಲೆ ನಾಯಿಯೊಂದಿಗೆ ಅಲೆಯುವುದೇ ನಡಿಗೆಯ ಸುಖ ಎಂದು ಬಗೆದವರಿಗೆ ಈ ಜಿಲ್ಲೆಯಲ್ಲಿ ವಿಪ್ಪೆಟ್ ತಕ್ಕುದಲ್ಲ, ಮತ್ತು ಪ್ರಾಮಾಣಿಕವಾಗಿ ಹೇಳುವುದಾದರೆ ಬೇರೆ ಯಾವ ತಳಿಯೂ ತಕ್ಕುದಲ್ಲ.